ಉಡಿಗೆ ಬಿದ್ದ ಎಲೆ ಅಡಿಕೆ

ಜಗಳೂರು
೧೨ ಫೆಬ್ರವರಿ ೨೦೨೬, ಗುರುವಾರ

ಪ್ರೀತಿಯ ಅಪ್ಪನಿಗೆ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಗೋವಿನಕೋವಿ ಕಡೆ ಗದ್ದೆಗಳಲ್ಲಿ ಕುರಿಮಂದೆ ನಿಲ್ಲಿಸಿದ್ದೀರಂತೆ. ಅಲ್ಲಿ ತಂಡಿ ಜಾಸ್ತಿ, ಕಿವಿಗೆ ಬಟ್ಟೆ ಕಟ್ಟಿಕೋ. ಹೇಳಿದರೆ ಕೇಳುವವನಲ್ಲ ನೀನು, ಆದರೂ ಬರೆದಿದ್ದೇನೆ. ಮನೆಯ ಫೋನು ಈಗ ಮಾವನ ಜೇಬಿನಲ್ಲೇ ಇರುತ್ತದೆ. ಅದಕ್ಕೇ ನಿಮಗೆ ರೊಟ್ಟಿ ಹಿಟ್ಟು ತರುವ ಗಿಡ್ಡಪ್ಪಜ್ಜನ ಕೈಲಿ ಈ ಕಾಗದ ಕೊಡುತ್ತಿದ್ದೇನೆ. ನೀನೇ ಓದು, ಬೇರೆಯವರಿಂದ ಓದಿಸಬೇಡ.

ನಾನು ದೊಡ್ಡವಳಾದ ಸುದ್ದಿ ನಿನಗೆ ಮುಟ್ಟಿದೆ. ಕಲ್ಲೇಶಪ್ಪ ಮಾವ ಸೋದರಮಾವನ ಶಾಸ್ತ್ರವೆಂದು ಹಸಿರು ಗರಿಯ ಗುಡಿಸಲು ಹಾಕಿದ. ಒಂಬತ್ತು ದಿನ ಅದರೊಳಗೆ ಕೂತು ಕೊಬ್ಬರಿ ಬೆಲ್ಲ, ಚಿಗಳಿ ತಿಂದೆ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು. ಆರತಿಯ ದಿನ ಎಲ್ಲರೂ ಉಡಿಗೆ ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಾಕಿದರು. ಮಾವನ ಹೆಂಡತಿ ಹೊನ್ನೂರಮ್ಮತ್ತೆ ಮಾತ್ರ ಸೀರೆಯ ಮೇಲೆ ಎಲೆ ಅಡಿಕೆ ಇಟ್ಟು, "ಎಲ್ಡೂ ಕೈಲಿ ತಗಾ ಕೂಸೇ" ಅಂದಳು. ದಡ್ಡಿ ನಾನು, ಸೀರೆಯ ಬಣ್ಣ ನೋಡುತ್ತಾ ನಗುನಗುತ್ತಲೇ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಅತ್ತೆ ನಲ್ಲಿಯ ಹತ್ತಿರ ಹೇಳುತ್ತಿದ್ದಳು, "ಹುಡುಗೀನೇ ಎಲೆ ಅಡಿಕೆ ಹಿಡಿದೈತೆ. ನಮ್ಮ ಮಗ ಕೆಂಚೇಶಂಗೇ ತಂದ್ಕಳಾದು. ಇನ್ನೇನು ಕೇಳಾಕೈತೆ?"

ಕೆಂಚೇಶ್ ಭಾವ ನನಗೆ ಸೈಕಲ್ ಕಲಿಸಿದವನು. ಈಗ ಅವನು ಬಂದರೆ ನಾನು ಹಿತ್ತಿಲಿಗೆ ಹೋಗುತ್ತೇನೆ. ಅವನ ತಪ್ಪೋ ಅಲ್ಲವೋ ಗೊತ್ತಿಲ್ಲ, ಹೆದರಿಕೆಯಂತೂ ಆಗುತ್ತದೆ. ಅವ್ವನನ್ನು ಕೇಳಿದರೆ "ನಿಮ್ಮಪ್ಪ ಹೂಂ ಅಂದಾನೆ, ನಂದೇನೈತೆ" ಎಂದು ರೊಟ್ಟಿ ತಟ್ಟುತ್ತಾಳೆ. ನಾನು ನಂಬಲಿಲ್ಲ. ನರ್ಸಿಂಗ್ ಓದಿಸುತ್ತೇನೆ ಎಂದವನು ನೀನೇ ಅಲ್ಲವೇ? ಅವ್ವನ ಮೇಲೆ ರೇಗಾಡಿದೆ. ಆಮೇಲೆ ಮಾವ ಫೋನಿನಲ್ಲಿ ನೀನು ಕಳಿಸಿದ ಮಾತನ್ನು ಕೇಳಿಸಿದ. "ಯುಗಾದಿ ಕಳೀಲಿ, ಮುಗಿಸಿಬಿಡಾನ." ಹಿಂದೆ ಕುರಿಗಳು ಕೂಗುತ್ತಿದ್ದವು. ನಿನ್ನದೇ ದನಿ. ಅವತ್ತಿನಿಂದ ಊಟ ಸೇರುತ್ತಿಲ್ಲ ಅಪ್ಪ.

ಜೊತೆಯಲ್ಲಿರುವವರಿಗೆಲ್ಲ ನನ್ನ ನಮಸ್ಕಾರ ಹೇಳು. ಮೈ ಕಡೆ ನಿಗಾ ಇರಲಿ.

ನಿನ್ನ ಮಗಳು
ಅಕ್ಷಿತಾ

ಇನ್ನೊಂದು ಮಾತು. ಗಿಡ್ಡಪ್ಪಜ್ಜ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನನಗಿನ್ನೂ ಹದಿನಾಲ್ಕು. ಆಶಾ ಟೀಚರ್ ನಮಗೆಲ್ಲ ಮಕ್ಕಳ ಸಹಾಯವಾಣಿಯ ನಂಬರ್ ಬಾಯಿಪಾಠ ಮಾಡಿಸಿದ್ದಾರೆ. ನೀನೇ ಬಂದು ಬೇಡ ಎಂದರೆ ಸರಿ. ಇಲ್ಲದಿದ್ದರೆ ಸೋಮವಾರ ಶಾಲೆಯಿಂದ ಫೋನ್ ಮಾಡುತ್ತೇನೆ. ಮದುವೆಗೆ ಒಪ್ಪಿದ್ದು ಯಾರು ಎಂದು ಕೇಳುತ್ತಾರಂತೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬೇಗ ಬಾ.