ಕಸಕ್ಕೆ ಬಿದ್ದ ದೋಣಿಯ ಕರೆ

ಮಾನ್ಯ ದೋಣಿ ಸಾರಿಗೆ ಅಧಿಕಾರಿಗಳೇ,

ನನ್ನ ಹೆಂಡತಿ ಗುನ್ವೋರ್ ಯಂತ್ರವಲ್ಲ. ಅವಳ ಬೈಗುಳ ತಿಂದು ಮುದುಕನಾದವನು ಹೇಳುತ್ತಿದ್ದೇನೆ, ನಂಬಿ. ನಿಮ್ಮ ಜಾಲತಾಣ ಮಾತ್ರ ನಂಬಲಿಲ್ಲ. ಅವಳ ಕೋರಿಕೆಯನ್ನು ಕಸಕ್ಕೆ ಹಾಕಿತು, ದೋಣಿ ಬರಲಿಲ್ಲ.

ಸ್ಕಾರ್ವೊಯ್ ದ್ವೀಪಕ್ಕೆ ಕರೆದರೆ ಮಾತ್ರ ದೋಣಿ. ಹಿಂದಿನ ದಿನವೇ ನಿಮ್ಮ ತಾಣದ ಸಂಪರ್ಕ ಪುಟದಲ್ಲಿ ಬರೆಯಬೇಕು. ಇಲ್ಲವಾದರೆ ದೋಣಿ ದ್ವೀಪದ ಬೆನ್ನ ಹಿಂದೆಯೇ ಹಾದುಹೋಗುತ್ತದೆ. ಮೂತ್ರಪಿಂಡ ಕೈಕೊಟ್ಟಿರುವ ಗುನ್ವೋರ್ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಪೇಟೆಗೆ ಹೋಗಬೇಕು. ಅವಳು ಬರೆಯುವುದು ಒಂದೇ ಸಾಲು: "ನಾಳೆ ಬೆಳಗ್ಗೆ, ಸ್ಕಾರ್ವೊಯ್‌ನಿಂದ ಒಬ್ಬರು."

ಕೂದಲೆಣ್ಣೆ ಮಾರುವವರು, ಜೂಜಿಗೆ ಕರೆಯುವವರು ಹೊಗಳಿಕೆಯ ಜಾಹೀರಾತು ಹಿಡಿದು ನಿಮ್ಮ ಪುಟಕ್ಕೆ ಮುಗಿಬಿದ್ದದ್ದು ನಿಜ. ಅವರ ಯಂತ್ರಗಳ ಸುಳ್ಳು ಕರೆಗೆ ದೋಣಿ ನಡೆಸುವ ಈವರ್ ಖಾಲಿ ದೋಣಿಕಟ್ಟೆಗಳನ್ನು ಸುತ್ತಿ ಬೇಸತ್ತದ್ದೂ ನಿಜ. ತಡೆಯಲೇಬೇಕಿತ್ತು, ಅದಕ್ಕೆ ಯಂತ್ರದ ಸಂದೇಶಗಳನ್ನು ತಾನೇ ಗುರುತಿಸಿ ಕಸಕ್ಕೆ ಹಾಕುವ ಜರಡಿಯನ್ನು ತಾಣಕ್ಕೆ ಕೂಡಿಸಿದಿರಿ. ಆದರೆ ನೀವು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕೆಲಸ.

ಅಂದು ಗುನ್ವೋರ್ ಉಣ್ಣೆ ಟೋಪಿ ಹಾಕಿಕೊಂಡು, ಕಾಫಿ ಫ್ಲಾಸ್ಕ್ ಹಿಡಿದು ಕಟ್ಟೆಯ ಮೇಲೆ ನಿಂತೇ ಇದ್ದಳು. "ಧನ್ಯವಾದ, ನಿಮ್ಮ ಸಂದೇಶ ತಲುಪಿದೆ" ಎಂದು ನಿಮ್ಮ ತಾಣವೇ ಹೇಳಿತ್ತಲ್ಲ, ಏಕೆ ಅನುಮಾನಿಸಬೇಕು? ಮರುದಿನ ಕಾಲು ಊದಿ, ಉಸಿರು ಎಳೆಯಲಾರದೆ ಮಲಗಿದವಳನ್ನು ಜೀವರಕ್ಷಕ ದೋಣಿ ಒಯ್ದಿತು. ನಾನು ಅಷ್ಟು ಹೆದರಿದ್ದು ಜೀವಮಾನದಲ್ಲಿ ಇಲ್ಲ.

ನಿಮ್ಮ ಕಚೇರಿಗೆ ಫೋನು ಮಾಡಿದಾಗ ಒಬ್ಬ ಹುಡುಗಿ ಮೆತ್ತಗೆ ವಿವರಿಸಿದಳು: "ನಿಮ್ಮದು ಪ್ರತಿ ಸಲ ಒಂದೇ ಒಕ್ಕಣೆ ಅಲ್ವಾ, ಅದಕ್ಕೇ ಯಾವ್ದೋ ಯಂತ್ರ ಅಂದ್ಕೊಂಡ್ಬಿಟ್ಟಿದೆ."

ಆಸ್ಪತ್ರೆಯ ಹಾಸಿಗೆಯಲ್ಲಿ ಇದನ್ನು ಕೇಳಿದ ಗುನ್ವೋರ್, "ಹೋಗೋ ಜಾಗ ಬದಲಾಗಿಲ್ಲ, ಹೋಗೋಳೂ ಬದಲಾಗಿಲ್ಲ. ಇನ್ನೇನ್ ಹೊಸದು ಬರೀಲಿ?" ಎಂದಳು.

ಈಗ ಅವಳ ಬದಲು ನಾನು ಬರೆಯುತ್ತೇನೆ, ಪ್ರತಿ ಸಲ ಬೇರೆ ಬೇರೆ ಒಕ್ಕಣೆಯಲ್ಲಿ. "ನಿಮ್ಮ ಅದ್ಭುತ ತಾಣ ಕಂಡು ಹೃದಯ ತುಂಬಿ ಬಂತು" ಎಂದು ಕೂದಲೆಣ್ಣೆಯವನಂತೆ ಹೊಗಳಿ, ಕೊನೆಗೆ ದೋಣಿ ಕೇಳುತ್ತೇನೆ. ದೋಣಿ ಬರುತ್ತಿದೆ! ಸುಳ್ಳು ಬೊಗಳಿದವನು ಮನುಷ್ಯ, ಇದ್ದದ್ದನ್ನು ಇದ್ದಂತೆ ಬರೆದವಳು ಯಂತ್ರ. ಇದು ಯಾವ ಊರಿನ ನ್ಯಾಯ?

ಕೇಳುವುದು ಇಷ್ಟೇ. ನಿಮ್ಮ ತಾಣಕ್ಕೆ ಅನುಮಾನ ಬಂದರೆ ಆಗಲೇ ಹೇಳಲಿ. ಕಸಕ್ಕೆ ಎಸೆದು ಧನ್ಯವಾದ ಹೇಳುವುದು ಬೇಡ. ದೋಣಿ ಹೊರಡುವ ಮುನ್ನ ಆ ಕಸವನ್ನು ಮನುಷ್ಯರೊಬ್ಬರು ಕಣ್ಣಾರೆ ನೋಡಲಿ. ಬೇಗ ಮಾಡಿ. ನನಗೆ ತಿಳಿದ ಹೊಗಳಿಕೆಯ ಮಾತುಗಳೆಲ್ಲ ಮುಗಿಯುತ್ತ ಬಂದಿವೆ, ಗುನ್ವೋರ್ ನಾಳೆಯೂ ಹೋಗಬೇಕು.

ಇಂತಿ,
ಸದ್ಯಕ್ಕೆ ಮನುಷ್ಯನೆಂದು ನಿಮ್ಮ ಯಂತ್ರದಿಂದ ಒಪ್ಪಿಗೆ ಪಡೆದಿರುವ
ಟೋರ್ಲೈವ್, ಸ್ಕಾರ್ವೊಯ್