ದೋಣಿಗೆ ಟಾರು ಬಳಿಯುವುದು

7 ಡಿಸೆಂಬರ್ 1993, ಮಂಗಳವಾರ

ಹೀಟರ್ ಮತ್ತೆ ಕೆಟ್ಟಿದೆ. ಕೋಟು ತೆಗೆಯದೆ ಟೈಪು ಮಾಡಿದೆ. ಗ್ರೀಕ್ ನಿಘಂಟಿಗೆಂದು ಮೇಷ್ಟ್ರು ನಿನ್ನೆ ಬರೆದಿಟ್ಟ ಚೀಟಿಗಳಲ್ಲಿ ಎರಡು ತಪ್ಪು. ‘ಥಿಮಾರಿ’ ಗಿಡಕ್ಕೆ ಬೇರೆ ಯಾವುದೋ ಗಿಡದ ಅರ್ಥ. ‘ಥ್ರಾಪ್ಸಾಲೊ’ಗೆ ಒಂದು ಬಗೆಯ ಹಕ್ಕಿ ಎಂದಿದ್ದಾರೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಡಲ ಜೀವಿ ಅದು. ಥಾಸೋಸ್ ದ್ವೀಪದಲ್ಲಿ ಹುಟ್ಟಿ, ಅದನ್ನೇ ಹುರಿದು ತಿಂದು ಬೆಳೆದ ಮನುಷ್ಯ ಹೀಗೆ ಬರೆಯುವುದೆ?

ಎರಡನ್ನೂ ತಿದ್ದಿ ಕಂಪ್ಯೂಟರಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಾಗಲೂ ಇದೇ ರೂಢಿ: ಸಂಪಾದಕರ ತಪ್ಪು ತಿದ್ದು, ಬಾಯಿ ಬಿಡಬೇಡ. ಆಗ ಹಾಗೆ ಮಾಡುತ್ತಿದ್ದದ್ದು ಭಯಕ್ಕೆ. ಈಗ... ಪತ್ರಿಕೆ ಮುಚ್ಚಿ ಮನೆಯಲ್ಲಿ ಕೂತವಳನ್ನು ಕರೆದು ನಿಘಂಟಿನ ಕೆಲಸ ಕಲಿಸಿದವರು ಮೇಷ್ಟ್ರು. ಅವರ ಎದುರು ನಿಂತು ‘ತಪ್ಪು’ ಅನ್ನಲು ನಾಲಿಗೆ ಏಳುವುದಿಲ್ಲ.

ಪಕ್ಕದ ಮೇಜಿನ ಥ್ರಾಸೋಸ್‌ಗೆ ಗೊತ್ತಾಗಿದೆ. “ದೇವ್ರ ತಪ್ಪು ತಿದ್ದೋ ಕೆಲ್ಸ, ಸಂಬ್ಳ ಮಾತ್ರ ಗುಮಾಸ್ತೆದು,” ಅಂದ. ಅವನೂ ‘ಪಿ’ ಅಕ್ಷರದಲ್ಲಿ ಹಬ್ಬದಿಂದ ಹೀಗೇ ತಿದ್ದುತ್ತಿದ್ದಾನಂತೆ. ಆಗಸ್ಟಿನ ಮೇರಿ ಮಾತೆಯ ಹಬ್ಬದಿಂದ.

ಫ್ರೋಸೊ ಹೆಸರು ಇವತ್ತೂ ಬಂದಿದೆ. ‘ಫ್ರೋಸೊ ಕಿಟಕಿಯ ಕೆಳಗೆ ಥಿಮಾರಿ ನೆಟ್ಟಿದ್ದಳು.’ ಹೆಂಡತಿ ತೀರಿಕೊಂಡ ಮೇಲೆ ಅವರ ಉದಾಹರಣೆಗಳಲ್ಲೆಲ್ಲ ಅವಳೇ. ನೆಟ್ಟಿದ್ದಳು, ನಕ್ಕಿದ್ದಳು, ಬೈದಿದ್ದಳು. ಅಲ್ಲಿ ಒಮ್ಮೆಯೂ ತಪ್ಪಿಲ್ಲ.

18 ಜನವರಿ, ಮಂಗಳವಾರ

ನನ್ನ ಪಾಲಿನ ಥೀಟಾ ಅಕ್ಷರ ಮುಗಿಯುತ್ತಾ ಬಂತು. ನಡುವೆ ಒಂದೇ ಪದ ಬಾಕಿ — ‘ಥೆಯೊಪಿಯೊ’. ಮನುಷ್ಯನನ್ನು ದೇವರಾಗಿಸುವುದು. ಅರ್ಥ ಕಷ್ಟವಲ್ಲ, ಬಳಕೆ ಕಷ್ಟ. “ಹೊರಗೆ ಹೋಗಿ ಕಿವಿ ತೆರೆದು ಬಾ, ಅರ್ಥ ನಾನು ಬರೀತೀನಿ,” ಅಂದರು ಮೇಷ್ಟ್ರು. ಇದಾದರೆ ಇಡೀ ನಿಘಂಟಿನಲ್ಲಿ ಉಳಿಯುವುದು ಕೊನೆಯ ಅಕ್ಷರ ಒಮೆಗಾ ಮಾತ್ರ. ಅದು ಮೇಷ್ಟ್ರದ್ದು. ಕೆಲಸ ಶುರುವಾದ ದಿನವೇ ತಮಗೆಂದು ಎತ್ತಿಟ್ಟುಕೊಂಡದ್ದು. ಯಾರೂ ಮುಟ್ಟುವಂತಿಲ್ಲ.

ಸಿಕ್ಕ ಬಳಕೆ: ಹಳೆಯ ಪತ್ರಿಕೆಯಲ್ಲಿ ಗೋಲ್‌ಕೀಪರ್ ಒಬ್ಬನನ್ನು ‘ಊರೇ ದೇವರಾಗಿಸಿತು’. ಮುಂದಿನ ತಿಂಗಳ ಸಂಚಿಕೆಯಲ್ಲಿ ಅದೇ ಊರು ಅವನ ಕಾರಿನ ಗಾಜು ಒಡೆದಿದೆ. ಪಾದ್ರಿಯನ್ನು ಕೇಳಿದೆ. ಮನುಷ್ಯನನ್ನು ಮೇಲಕ್ಕೆತ್ತುವುದು ದೇವರ ಕೃಪೆ, ಜನ ಅದಕ್ಕೆ ಕೈ ಹಾಕಬಾರದು ಅಂದರು. ಕಪಾನಿ ಮಾರುಕಟ್ಟೆಯ ಮೀನಿನವನು ಸ್ಟೆರ್ಗಿಯೋಸ್ ನಕ್ಕ.

“ನಮ್ಮತ್ತೆ ನನ್ನ ದೇವ್ರು ಅಂತಾಳೆ ಅಕ್ಕಾ.”

“ಒಳ್ಳೇದಾಯ್ತಲ್ಲ.”

“ಏನ್ ಒಳ್ಳೇದು? ಮೂಲೇಲಿ ನಿಲ್ಲಿಸ್ತಾಳೆ, ದೀಪ ಹಚ್ತಾಳೆ, ನಾನೇನಾದ್ರೂ ಅಂದ್ರೆ ಕಿವಿಗೇ ಹಾಕ್ಕೊಳಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂದೆ ಮೊನ್ನೆ. ಶಿಲುಬೆ ಗುರುತು ಮಾಡ್ಕೊಂಡು ಎದ್ದು ಹೋದ್ಲು.”

ಬರೆದುಕೊಂಡೆ. ನಗು ಬಂತು. ಸಾರ್ಡೀನ್ ತಂದೆ, ಬೆಕ್ಕಿಗೂ ಆಯಿತು.

9 ಫೆಬ್ರವರಿ, ಬುಧವಾರ

ಮೇಷ್ಟ್ರು ‘ಥೆಯೊಪಿಯೊ’ ಚೀಟಿ ತಾವೇ ತಂದು ಕೈಗೆ ಕೊಟ್ಟರು. ಯಾವಾಗಲೂ ತಟ್ಟೆಯಲ್ಲಿಟ್ಟು ಹೋಗುವವರು. ಓದಿದೆ.

‘ದೋಣಿಯ ತಳಕ್ಕೆ ಟಾರು ಬಳಿಯುವುದು. ಬಳಕೆ: ಅಪ್ಪ ಈಸ್ಟರಿಗೆ ಮೊದಲು ನೀಲಿ ದೋಣಿಯನ್ನು ದೇವರಾಗಿಸಿದ.’

ಕೈಬರಹ ಮಾತ್ರ ಮೊದಲಿನ ಹಾಗೇ, ಅಚ್ಚು ಹಾಕಿದಂತೆ. ಅವರು ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದರು.

“ಓದಿದ್ಯೇನಮ್ಮ ಎವಾಂಥಿಯಾ?”

“ಓದಿದೆ ಮೇಷ್ಟ್ರೇ.”

“ಸರಿ ಇದೆಯಾ?”

“ನೀವು ಬರೆದದ್ದಲ್ವಾ... ಸರಿ ಇಲ್ದೆ ಏನು.”

ತಿರುಗಿ ನೋಡಿದರು. ಟೋಪಿ ತಲೆಗಿಟ್ಟುಕೊಂಡು ಹೋದರು. ಕಾಫಿ ಲೋಟದಲ್ಲಿ ಹಾಗೇ ಇತ್ತು.

ಥ್ರಾಸೋಸ್ ಚೀಟಿ ಓದಿ ಪೆಚ್ಚಾದ. “ಇನ್ನು ಹೇಳ್ಲೇಬೇಕು ಕಣೇ. ಇಲ್ಲ ಅವರ ತಂಗಿ ದೊಮ್ನಾಗಾದ್ರೂ ಫೋನ್ ಮಾಡು. ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿ.”

“ಮೇಷ್ಟ್ರ ಹೆಸರಿನ ಸಂತನ ಹಬ್ಬ ಕಳೀಲಿ. ಎರಡು ವಾರ ಅಷ್ಟೆ. ಆಮೇಲೆ ಹೇಳ್ತೀನಿ.”

“ನೀನು ಡಿಸೆಂಬರಿಂದ ‘ಆಮೇಲೆ’ ಅಂತಿದೀಯ.”

“ನೀನೇನು ಹೇಳಿದ್ಯಾ?”

ಚೀಟಿ ವಾಪಸ್ಸಿಟ್ಟು ತನ್ನ ಮೇಜಿಗೆ ಹೋದ. ನಾನು ಟೈಪು ಮಾಡಿದೆ: ‘ಮನುಷ್ಯನನ್ನು ಅಥವಾ ವಸ್ತುವನ್ನು ದೇವರೆಂದು ಕಾಣುವುದು, ಅತಿಯಾಗಿ ಮೆಚ್ಚಿ ದೋಷಕ್ಕೆ ಕುರುಡಾಗುವುದು.’ ಟೈಪು ಮಾಡುವಾಗ ಏನೂ ಹೊಳೆಯಲಿಲ್ಲ. ಕೆಲಸ ಅಚ್ಚುಕಟ್ಟಾಯಿತು ಅಂತ ಮಾತ್ರ ಅನ್ನಿಸಿತು.

24 ಫೆಬ್ರವರಿ, ಗುರುವಾರ, ಬೆಳಿಗ್ಗೆ

ರಜೆ ಹಾಕಿದೆ. ನಿನ್ನೆಯದನ್ನು ಬರೆದುಬಿಡಬೇಕು.

ಸಂತ ಪೊಲಿಕಾರ್ಪೋಸ್ ದಿನ. ಅದೇ ಹೆಸರಿನ ಮೇಷ್ಟ್ರ ಮನೆಯ ಬಾಗಿಲು ಸಂಜೆಯಿಂದ ತೆರೆದಿತ್ತು. ಕರೆಯೋಲೆ ಯಾರಿಗೂ ಇಲ್ಲ, ನೆನಪಿದ್ದವರು ಬರಬೇಕು. ಹಾಲಿನ ಕೆನೆಯ ಸಿಹಿ ಒಯ್ದಿದ್ದೆ. ಹಳೆಯ ಶಿಷ್ಯರು, ನೆರೆಯವರು, ನಾವಿಬ್ಬರು. ದೊಮ್ನಾ ಉಪ್ಪಿನ ಮೀನು, ಆಲಿವ್ ಹಂಚುತ್ತಿದ್ದಳು. ಮೇಷ್ಟ್ರು ಕಪ್ಪು ಸೂಟಿನಲ್ಲಿ, ತಾವೇ ಎಲ್ಲರಿಗೂ ಸಿಪುರೊ ಮದ್ಯ ಬಗ್ಗಿಸುತ್ತಿದ್ದರು. ಒಬ್ಬರ ಹೆಸರೂ ತಪ್ಪಲಿಲ್ಲ. ಸುಮ್ಮನೆ ಹೆದರಿದ್ದೆವು ಅಂದುಕೊಂಡೆ.

ಹಳೆಯ ಶಿಷ್ಯನೊಬ್ಬ ಲೋಟ ಎತ್ತಿದ. ಮೇಷ್ಟ್ರ ಬಾಯಿಂದ ಬಂದದ್ದೇ ಭಾಷೆ, ಅವರು ತಪ್ಪಿದರೆ ಭಾಷೆಯೇ ತಪ್ಪಿದ ಹಾಗೆ — ಅಂತೇನೋ. ಎಲ್ಲರೂ ಚಪ್ಪಾಳೆ. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು.

“ಎವಾಂಥಿಯಾ, ‘ಥೆಯೊಪಿಯೊ’ಗೆ ನಮ್ಮ ನಿಘಂಟಲ್ಲಿ ಏನು ಅರ್ಥ ಇದೆ? ಇವರಿಗೆ ಹೇಳು.”

ಹೇಳಿದೆ. ಬಾಯಿಪಾಠವಿತ್ತು.

“ಚೆನ್ನಾಗಿದೆ. ಯಾರು ಬರೆದದ್ದು?”

“ನೀವೇ ಮೇಷ್ಟ್ರೇ.”

“ನಾನು ಬರೆದದ್ದು ದೋಣಿಗೆ ಟಾರು ಬಳಿಯೋದು ಅಂತ.”

ನಗು. ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. ಮೇಷ್ಟ್ರು ನಗಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನಾದರು.

“ಬೇಕಂತಲೇ ಬರೆದೆ. ಕ್ರಿಸ್ಮಸ್ಸಲ್ಲಿ ಅಚ್ಚಿನ ಹಾಳೆ ತಂದು ಓದ್ತಾ ಕೂತಿದ್ದೆ. ಥ್ರಾಪ್ಸಾಲೊಗೆ ಹಕ್ಕಿ ಅಂತ ಬರೆದದ್ದು ತಪ್ಪು ಅಂತ, ಬರೆದ ದಿನ ಸಂಜೆ ಮನೆಗೆ ಬಂದಾಗಲೇ ಹೊಳೆದಿತ್ತು. ಬೈಯ್ತೀಯ ಅಂತ ಕಾದೆ. ಹಾಳೇಲಿ ನೋಡಿದ್ರೆ ಸರಿಯಾಗೇ ಇದೆ. ಸರಿ, ಯಾರಾದ್ರೂ ಹೇಳ್ತಾರೇನೋ ನೋಡೋಣ ಅಂತ ಟಾರು ಬಳಿದೆ.” ಥ್ರಾಸೋಸ್ ಕಡೆ ತಿರುಗಿದರು. “ಯಾವಾಗಿಂದ ತಿದ್ತಿದೀರಿ?”

“ಆಗಸ್ಟಿಂದ ಮೇಷ್ಟ್ರೇ.”

“ಆಗಸ್ಟು.” ಕುರ್ಚಿಯಲ್ಲಿ ಕೂತರು. “ಆಗ ಹೇಳಿದ್ರೆ ಉಳಿದದ್ದೆಲ್ಲ ನಿಮಗೆ ಬಿಟ್ಟು ಒಮೆಗಾ ಮೊದಲು ಮುಗಿಸ್ಕೋತಿದ್ದೆ. ತಲೆ ನೆಟ್ಟಗಿತ್ತು. ಒಂದು ಚಳಿಗಾಲ ಪೂರ್ತಿ ಇತ್ತಲ್ಲಮ್ಮ.”

ನಾನು ಏನೋ ಅಂದೆ — ನಿಮಗೆ ನೋವಾಗಬಾರದು ಅಂತ, ನೀವು ನಮಗೆ ದೇವರ ಸಮಾನ ಅಂತ. ಆ ಮಾತನ್ನೇ ಆಡಿಬಿಟ್ಟೆ.

“ದೇವರಿಗೆ ಡಾಕ್ಟರು ಬೇಡ. ನನಗೆ ಬೇಕಿತ್ತು.”

ದೊಮ್ನಾ ತಟ್ಟೆ ಹಿಡಿದು ನಿಂತೇ ಇದ್ದಳು. ಬಾಗಿಲವರೆಗೆ ಬಂದವಳು ನನ್ನ ಕೋಟು ಕೊಟ್ಟಳು. ಮುಖ ನೋಡಲಿಲ್ಲ.

11 ಮಾರ್ಚ್, ಶುಕ್ರವಾರ

ಬರೆಯುವಂಥದ್ದು ಇರಲಿಲ್ಲ. ಮೇಷ್ಟ್ರ ಕುರ್ಚಿ ಖಾಲಿ. ದೊಮ್ನಾ ಫೋನ್ ಮಾಡಿದ್ದಳು. ಡಾಕ್ಟರು ನೋಡಿದ್ದಾರೆ. ಕಾಯಿಲೆ ಬೆಳೆಯುವಂಥದ್ದು, ವಾಸಿಯಾಗುವುದಿಲ್ಲ. ಬೇಗ ಬಂದಿದ್ದರೆ ಔಷಧಿ ಹೆಚ್ಚೇನು ಮಾಡುತ್ತಿರಲಿಲ್ಲ, ಆದರೆ ಕೆಲಸಗಳನ್ನು ಹೊಂದಿಸಿಕೊಳ್ಳಬಹುದಿತ್ತು ಅಂದರಂತೆ. ಆ ಮಾತನ್ನು ದೊಮ್ನಾ ಎರಡು ಸಲ ಹೇಳಿದಳು.

15 ಮಾರ್ಚ್, ಮಂಗಳವಾರ

ನಿನ್ನೆ ಈಸ್ಟರಿನ ಉಪವಾಸದ ಮೊದಲ ಸೋಮವಾರ, ಊರಿಗೆ ಊರೇ ಗಾಳಿಪಟ ಹಾರಿಸಿತು. ಇವತ್ತು ಆಫೀಸಿನ ಎದುರು ತಂತಿಯಲ್ಲಿ ಒಂದು ಸಿಕ್ಕಿಕೊಂಡಿದೆ. ಅದನ್ನು ನೋಡುತ್ತಾ ನಿಂತಿದ್ದೆ — ಮೇಷ್ಟ್ರು ಬಂದರು. ದೊಮ್ನಾ ಕೈ ಹಿಡಿದಿದ್ದಳು. ಟೋಪಿ ತೂಗುಹಾಕಿದರು. ಒಮೆಗಾದ ಖಾಲಿ ಚೀಟಿ ಕೇಳಿದರು.

“ಒಂದು ಷರತ್ತು. ಪ್ರತಿ ಚೀಟಿ ಓದ್ತೀಯ. ತಪ್ಪಿದ್ರೆ ಮುಖಕ್ಕೇ ತಪ್ಪು ಅಂತೀಯ. ತಿದ್ದೋದು ನಾನು.”

“ಆಗ್ಲಿ ಮೇಷ್ಟ್ರೇ.”

“ಹೇಳುವಾಗ ಅತ್ರೆ ನೋಡು. ಥ್ರಾಸೋಸ್‌ಗೆ ಕೊಡ್ತೀನಿ ಕೆಲ್ಸ. ಅವನಿಗೆ ಹೃದಯ ಇಲ್ಲ.”

“ಇದೆ ಮೇಷ್ಟ್ರೇ,” ಅಂದ ಥ್ರಾಸೋಸ್, “ಆಫೀಸಿಗೆ ತರಲ್ಲ ಅಷ್ಟೆ.”

ಮೂರನೆಯ ಚೀಟಿಯಲ್ಲಿ ‘ಓಮೋಸ್’, ಭುಜ. ಮೊಣಕೈಯಿಂದ ಅಂಗೈವರೆಗೆ ಅಂತ ಬರೆದಿದ್ದರು. ಹೇಳಿದೆ. ಅಳದೆ ಹೇಳಿದೆ. ಅವರು ತಮ್ಮ ಭುಜವನ್ನು ಮುಟ್ಟಿ ನೋಡಿಕೊಂಡರು. ಚೀಟಿ ಹರಿದು ಹೊಸದು ಬರೆದರು. ಸರಿ ಇತ್ತು. “ನೋಡಿದ್ಯಾ, ಇಷ್ಟೇ,” ಅಂದರು.

ಇಷ್ಟೇ. ಆಗಸ್ಟಿನಲ್ಲೂ ಇಷ್ಟೇ ಇತ್ತು.

29 ಮಾರ್ಚ್, ಮಂಗಳವಾರ

ಚೀಟಿಗಳು ಕಡಿಮೆಯಾಗುತ್ತಿವೆ. ಹರಿದದ್ದು ಹೆಚ್ಚು. ಆದರೂ ಒಮೆಗಾ ಸಾಗುತ್ತಿದೆ. ‘ಥೆಯೊಪಿಯೊ’ ಚೀಟಿಯನ್ನು ಮತ್ತೆ ಅವರ ಮುಂದೆ ಇಟ್ಟೆ. ಮುಟ್ಟಲಿಲ್ಲ.

“ಅದನ್ನ ನೀನೇ ಬರಿ. ಬಳಕೆ ನಿನಗೆ ಚೆನ್ನಾಗಿ ಗೊತ್ತು.”

ಕೋಪದಲ್ಲಿ ಹೇಳಿದ್ದಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

8 ಏಪ್ರಿಲ್, ಶುಕ್ರವಾರ, ಸಂಜೆ 5

ಮಧ್ಯಾಹ್ನ ಒಂದೇ ಚೀಟಿ ಬರೆದರು. ‘ಓರಾ’. ಹೊತ್ತು, ಗಂಟೆ, ಸಮಯ. ಅರ್ಥಗಳೆಲ್ಲ ಸರಿ, ಒಂದರ ಕೆಳಗೊಂದು, ಹಳೆಯ ಮೇಷ್ಟ್ರ ಕೆಲಸ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕೊನೆಗೆ ಬಳಕೆ: ‘ಫ್ರೋಸೊ ಬರುವ ಹೊತ್ತಾಯಿತು.’

ಥ್ರಾಸೋಸ್‌ಗೆ ತೋರಿಸಿದೆ. “ಬಿಟ್ಬಿಡು,” ಅಂದ. “ವಾಕ್ಯದಲ್ಲಿ ಏನು ತಪ್ಪಿದೆ? ಯಾರ ಮನೇಲೂ ಯಾರೋ ಬರೋ ಹೊತ್ತಾಗತ್ತೆ.”

ವಾಕ್ಯದಲ್ಲಿ ಏನೂ ತಪ್ಪಿಲ್ಲ. ಆದರೆ ಮೇಷ್ಟ್ರು ಆಗಲೇ ಕೋಟು ಹಾಕಿಕೊಂಡಿದ್ದಾರೆ. ಎರಡು ಸಲ ಬಾಲ್ಕನಿಗೆ ಹೋಗಿ ಬೀದಿ ನೋಡಿ ಬಂದರು. ಹೆಂಡತಿ ಕೂರಲೆಂದು ಒಂದು ಕುರ್ಚಿಯ ಮೇಲಿನ ಕಾಗದಗಳನ್ನು ತೆಗೆದು ಒರೆಸಿಟ್ಟಿದ್ದಾರೆ. ಥ್ರಾಸೋಸ್ ಬೇಗ ಹೊರಟುಬಿಟ್ಟ. ಹೃದಯ ಇಲ್ಲಿ ಮರೆತು ಹೊರಟವನ ಹಾಗೆ ಮೆಟ್ಟಿಲಲ್ಲಿ ಒಮ್ಮೆ ನಿಂತ, ಇಳಿದ.

ಸುಮ್ಮನಿದ್ದರೆ ದೊಮ್ನಾ ಬಂದು ಕರೆದುಕೊಂಡು ಹೋಗುತ್ತಾಳೆ. ನಾಳೆಗೆ ಮರೆತಿರುತ್ತಾರೆ. ಆದರೆ ಷರತ್ತು ಇದೆ. ನಾನೇ ಒಪ್ಪಿದ್ದು.

ಬಾಗಿಲಲ್ಲಿ ನಿಂತಿದ್ದಾರೆ. ಚೀಟಿ ನನ್ನ ಕೈಯಲ್ಲೇ ಇದೆ ಅಂತ ನೋಡಿದರು. “ಸರಿ ಇದೆಯೇನಮ್ಮ?” ಅಂತ ಕೇಳುತ್ತಿದ್ದಾರೆ. ಈ ಸಾಲು ಮುಗಿಸಿ ಏಳುತ್ತೇನೆ. ಅವರನ್ನು ಕೂರಿಸಿ, ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳುತ್ತೇನೆ, ಮೇಷ್ಟ್ರೇ —