ಲಾಭ, ಎರಡು, ಮೂರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11.40

ರಜೆ ಹಾಕಿದ್ದೆ. ಮಾಳಿಗೆಯ ಮೇಲೆ ಹೊಸ ಆಂಟೆನಾ ಕಟ್ಟಿ ರೇಡಿಯೋ ಸ್ಕ್ಯಾನರ್ ಹಚ್ಚಿದೆ. ಸರಿಯಾಗಿ ಹನ್ನೊಂದಕ್ಕೆ ಗೊತ್ತಿಲ್ಲದ ಒಂದು ಸಿಗ್ನಲ್. ಗೊರಗೊರದ ನಡುವೆ ಹೆಂಗಸಿನ ಸಣ್ಣ ದನಿ — "ಲಾಭ, ಡಿ. ಎರಡ, ಎ. ಮೂರ, ಎ..." ನೂರರವರೆಗೆ. ಆಮೇಲೆ ಸುಮ್ಮನೆ. ನನ್ನ ಹಾಗೆ ಲೈಸೆನ್ಸ್ ಪಡೆದ ಹವ್ಯಾಸಿ ಹ್ಯಾಮ್ ರೇಡಿಯೋದವರಲ್ಲ, ಗುರುತಿನ ಕಾಲ್‌ಸೈನ್ ಹೇಳಲಿಲ್ಲ. ಯಾರಿವಳು?

ಮಾರ್ಚ್ 4

ಹನ್ನೊಂದಕ್ಕೆ ಮತ್ತೆ. ಇವತ್ತು ಬರೆದುಕೊಂಡೆ. ನೂರು ಅಂಕಿ, ಒಂದೊಂದಕ್ಕೂ ಎ ಬಿ ಸಿ ಡಿಯಲ್ಲಿ ಒಂದು ಅಕ್ಷರ. ಒಂದು ಅನ್ನಲು ಲಾಭ ಅನ್ನುತ್ತಾಳೆ, ಕಾಳು ಅಳೆಯುವವರ ಹಾಗೆ. ಏಳು ಅನ್ನುವುದೇ ಇಲ್ಲ. "ಆರರ ಮ್ಯಾಲೊಂದ."

ಹಾಳೆ ನೋಡುತ್ತ ನೋಡುತ್ತ ಹೊಳೆಯಿತು. ಉತ್ತರಗಳು! 16ಕ್ಕೆ ಜೂನಿಯರ್ ಇಂಜಿನಿಯರ್ ಪರೀಕ್ಷೆ, ನನ್ನ ತಮ್ಮ ಸೋಮೂನೂ ಬರೆಯುವವನು. ಹಾಲ್‌ನಲ್ಲಿ ಹಾಕುವ ಜಾಮರ್ ಫೋನಿಗೆ ಮಾತ್ರ, ಇದಕ್ಕೆ ತಾಗುವುದಿಲ್ಲ. ಇದು ರಿಹರ್ಸಲ್.

ಮೂರು ವರ್ಷದ ಹಿಂದೆ ಇದೇ ಪರೀಕ್ಷೆ. ನಾನು ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯವಳು. ನನಗಿಂತ ಒಂದು ಮಾರ್ಕು ಹೆಚ್ಚು ಸತೀಶಕುಮಾರನಿಗೆ. ಕಾಲೇಜಿನಲ್ಲಿ ನನ್ನ ನೋಟ್ಸ್ ಇಸಗೊಂಡು ಪಾಸಾದವ. ಡಯೋಡ್ ಉಲ್ಟಾ ಹಚ್ಚುವವ! ನಕಲು ಅಂತ ಎಲ್ಲರೂ ಅಂದರು, ಸಾಕ್ಷಿ ಇರಲಿಲ್ಲ. ಅವನು ಸಾಹೇಬನಾದ. ನಾನು ಲ್ಯಾಬಿನಲ್ಲಿ ಹುಡುಗರಿಗೆ ವೈರ್ ಹಂಚುತ್ತಿದ್ದೇನೆ. ಇದರ ಹಿಂದೆ ಅವನೇ ಇದ್ದರೆ ಬಿಡುವುದಿಲ್ಲ.

ಮಾರ್ಚ್ 8, ಶನಿವಾರ

ಅಳತೆ ಟೇಪು, ಪಿವಿಸಿ ಪೈಪು ಸೇರಿಸಿ ಕೈಯಲ್ಲಿ ಹಿಡಿಯುವ ಆಂಟೆನಾ ಮಾಡಿದೆ. ಗುರುವಾರ ತೊರವಿಯಲ್ಲಿ ನಿಂತು ತಿರುಗಿಸಿದಾಗ ಸಿಗ್ನಲ್ ಪಶ್ಚಿಮಕ್ಕೆ. ಇವತ್ತು ಬಬಲೇಶ್ವರದಲ್ಲಿ ಉತ್ತರಕ್ಕೆ. ಚಹಾ ಕುಡಿಯುತ್ತಿದ್ದ ಮುದುಕನೊಬ್ಬ "ಯವ್ವಾ, ಟಿವಿ ಬರವಲ್ದೇನ?" ಅಂದ. "ಬರ್ತೈತಿ ಕಾಕಾ, ಛಲೋ ಪಿಚ್ಚರ್ ಬರ್ತೈತಿ" ಅಂದೆ.

ನಕಾಶೆಯ ಮೇಲೆ ಎರಡು ಗೆರೆ ಎಳೆದೆ. ತಿಕೋಟಾದ ಹೊರಗೆ ಕೂಡಿದವು.

ಮಾರ್ಚ್ 10

ತಿಕೋಟಾ. ಒಣದ್ರಾಕ್ಷಿ ಶೆಡ್, ತಗಡಿನ ಮೇಲೆ ಉದ್ದ ಆಂಟೆನಾ. ದ್ರಾಕ್ಷಿ ಕೊಳ್ಳುವ ನೆಪದಲ್ಲಿ ಒಳಗೆ ಹೋದೆ. ರುದ್ರವ್ವ ಅಂತ, ಅರವತ್ತರ ಆಸುಪಾಸು, ಬಾಕ್ಸ್ ತೂಗಿ ಎಣಿಸುತ್ತಿದ್ದಳು — "ಲಾಭ, ಎರಡ..." ಅದೇ ದನಿ!

"ಏಳ ಯಾಕ ಅನ್ನಂಗಿಲ್ಲ ಅಮ್ಮಾ?"

"ಏಳ ಅಂದ್ರ ಲಕ್ಷ್ಮಿ ಎದ್ದ ಹೊಕ್ಕಾಳ ಬೇ. ನಿಮ್ಮವ್ವ ಹೇಳಿಲ್ಲೇನ?"

ಉಳಿದದ್ದನ್ನೂ ತಾನೇ ಹೇಳಿದಳು. ಶೆಡ್ಡಿನ ಮಾಲೀಕರ ಅಳಿಯ ಚೀಟಿ ಕೊಟ್ಟು ಮೈಕಿನಲ್ಲಿ ಓದಿಸುತ್ತಾನಂತೆ. "ಲಾರಿ ಲೋಡಿಂಗಿನ ಲೆಕ್ಕ ಅಂತ್ರಿ. ಸತೀಶಕುಮಾರ ಸಾಹೇಬ್ರು ಭಾಳ ಶಾಣ್ಯಾ ಅದಾರ."

ಶಾಣ್ಯಾ! ಸಿಕ್ಕೆಯಲ್ಲೋ ಭಾಡ್ಯಾ.

ಮಾರ್ಚ್ 13

ಪೊಲೀಸರಿಗೆ ಹೇಳಿದರೆ ವೈರ್‌ಲೆಸ್ ಸೆಟ್ ಸಮೇತ ಸಿಗುವವಳು ರುದ್ರವ್ವ. ಅವನು ಮತ್ತೆ ಜಾರುತ್ತಾನೆ. ಅದು ಬೇಡ.

ರುದ್ರವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ತೂಗುವುದನ್ನು ಬಿಟ್ಟು ಎದ್ದಳು. "ಅಯ್ಯ ನನ್ನವ್ವಾ! ಆ ಮೈಕಿನ ಖೋಲಿ ಕೀಲಿ ನನ್ನ ಹಂತ್ಯಾಕ ಐತಿ. ರವಿವಾರ ಕೀಲಿ ತಗೊಂಡ ಮಮದಾಪುರಕ್ಕ ತಂಗಿ ಮನಿಗೆ ಹೊಕ್ಕೇನಿ." ಫೋನೂ ಬಂದ್ ಇಡು ಅಂದೆ.

ಅವತ್ತು ಓದುವವಳು ನಾನು. ಅದೇ ಚಾನೆಲ್, ನನ್ನ ಸೆಟ್, ಬಾಯಿಗೆ ಬಂದ ಉತ್ತರ. ದುಡ್ಡು ಕೊಟ್ಟವರೇ ಅವನ ಕೊರಳಪಟ್ಟಿ ಹಿಡಿಯಲಿ, ಬೀದಿಯಲ್ಲಿ ಬಡಿಯಲಿ. ನನ್ನ ಹ್ಯಾಮ್ ಲೈಸೆನ್ಸ್ ಹೋಗುತ್ತದೆ. ಹೋಗಲಿ.

ಸೋಮು ಒಂದು ವಾರದಿಂದ ಪುಸ್ತಕ ಮುಟ್ಟಿಲ್ಲ. ಬೈಕೂ ಕಾಣುತ್ತಿಲ್ಲ, ಗ್ಯಾರೇಜಿನಲ್ಲಿದೆಯಂತೆ. ಬೈದರೆ "ಚಿಂತಿ ಮಾಡಬ್ಯಾಡ ಅಕ್ಕಾ, ಈ ಸಲ ಪಕ್ಕಾ" ಅನ್ನುತ್ತಾನೆ. ಇದು ಅವನ ಕೊನೆಯ ಸಲ, ವಯಸ್ಸು ಮೀರುತ್ತದೆ. ನನ್ನ ಪಾಡು ಅವನಿಗೆ ಬರದಿರಲಿ.

ಮಾರ್ಚ್ 16, ರವಿವಾರ. ಬೆಳಿಗ್ಗೆ 8.30

ಸೋಮೂಗೆ ಮೊಸರು-ಸಕ್ಕರೆ ಕೊಟ್ಟು ಕಳಿಸಿದೆ. ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದಾನೆ. ಪರೀಕ್ಷೆಯ ದಿನ ಯಾಕೆ ಅಂತ ಬಯ್ಯಲಿಲ್ಲ.

11.55

ಓದಿದೆ. ಮೈಕಿಗೆ ಸೆರಗು ಹಿಡಿದು, ರುದ್ರವ್ವನ ಹಾಗೆ ಎಳೆದು — ಲಾಭ, ಸಿ. ಎರಡ, ಬಿ... ಆರರ ನಂತರ ನಾಲಿಗೆ ಜಾರಿ "ಏಳ" ಅಂದುಬಿಟ್ಟೆ. ಎರಡೇ ನಿಮಿಷಕ್ಕೆ ಫೋನು. ಸತೀಶ! ಮೂರು ವರ್ಷದ ಮೇಲೆ! ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ. ಬಾಯಿ ಬಡಕೋ ಮಗನೇ ಅಂತ ನೂರೂ ಓದಿದೆ, ಒಂದನ್ನೂ ಬಿಡಲಿಲ್ಲ. ಇಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಮುಗಿದ ಮೇಲೆ ಎತ್ತಿದೆ, ಅವನು ಅಳುವುದನ್ನು ಕೇಳೋಣ ಅಂತ.

"ಏಳ ಅಂದಾಗನ ತಿಳೀತು, ರುದ್ರವ್ವ ಅಲ್ಲ ಅಂತ. ಈ ಊರಾಗ ಸೆಟ್ ಇರೋ ಹೆಣ್ಣಮಗಳು ನೀ ಒಬ್ಬಾಕಿನ. ಹನ್ನೊಂದ ಸಲ ಫೋನ್ ಮಾಡೇನಿ ಶೈಲಾ. ಎತ್ತಬಾರದೇನ?"

"ಯಾಕ ಎತ್ತಬೇಕೋ?"

"ನಿಮ್ಮ ಸೋಮೂನ ಕಿವ್ಯಾಗೂ ನಂದ ಮಷಿನ್ ಐತಿ."

2.10

ಸೋಮು ಬಂದ. ಕೈಕಾಲು ತೊಳೆದು ಉಣ್ಣಲು ಕೂತ. "ಹೆಂಗಾತೋ?" ಅಂದಳು ಅವ್ವ.

"ನೂರಕ್ಕ ನೂರ ಬರದೀನಿ ಬೇ. ಒಂದೂ ಬಿಟ್ಟಿಲ್ಲ."

ಮುಖ ಅರಳಿತ್ತು. ಇನ್ನೊಂದು ರೊಟ್ಟಿ ಹಾಕು ಅಕ್ಕಾ ಅಂತ ತಾಟು ಚಾಚಿದ. ಹಾಕಿದೆ. ಅವನಿಗೆ ಹೇಗೆ ಹೇಳಲಿ, ಆ ನೂರೂ ನಾನು ಬಾಯಿಗೆ ಬಂದಂತೆ ಓದಿದ್ದು ಅಂತ?